ಬರೆಯದೆ ಬಿಟ್ಟ ಅಳತೆ

ಇದನ್ನು ಹೇಳುವ ಹಕ್ಕು ನನಗಿದೆಯೇ ಎಂದು ಹಲವು ಸಲ ಕೇಳಿಕೊಂಡೆ. ಇನ್ನೊಬ್ಬ ಹೆಣ್ಣಿನ ಹೊಟ್ಟೆಯೊಳಗಿನ ಸಂಗತಿ, ಅದೂ ಕತ್ತಲೆ ಮಾಡಿದ ಕೋಣೆಯಲ್ಲಿ ಯಂತ್ರದ ಗಾಜಿನ ಮೇಲೆ ಕಂಡದ್ದು. ನಾಲ್ಕು ಜನರ ಮುಂದೆ ಇಡುವಂಥದ್ದಲ್ಲ. ವೈದ್ಯ ಬಲ್ಲವರಿಗೆ ಇದರಲ್ಲಿ ಎಲ್ಲಾದರೂ ಎಡವಿದ್ದು ಕಂಡರೆ ಅದು ನನ್ನ ಅರೆಬರೆ ಓದಿನ ದೋಷ, ಸ್ಕ್ಯಾನ್ ಮಾಡುವ ಪಿಶಿಯಾಳದಲ್ಲ. ಅವಳು ಎಡವಿದ್ದು ಒಂದೇ ಕಡೆ. ಅದನ್ನಷ್ಟೇ, ನನಗೆ ತಿಳಿದ ಮಟ್ಟಿಗೆ, ಹೇಳಲು ನೋಡುತ್ತೇನೆ. ಕ್ಷಮಿಸಬೇಕು.

ಆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಮೊದಲೇ ಪಿಶಿಯಾ ಚಿಯಾಯಿ ಊರಿನ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ ತನ್ನ ಸ್ಕ್ಯಾನ್ ಕೋಣೆಯ ಬಾಗಿಲು ತೆಗೆದು, ಪರದೆ ಎಳೆದು, ಯಂತ್ರದ ಗುಂಡಿ ಒತ್ತಿ, ಅದು ಗುರುಗುಟ್ಟಿಕೊಂಡು ಏಳುವಷ್ಟರಲ್ಲಿ ಜೆಲ್ ಬಾಟಲಿಗಳನ್ನು ಬಿಸಿನೀರಿನ ಡಬ್ಬಿಯಲ್ಲಿ ನಿಲ್ಲಿಸಿದಳು. ಮೂವತ್ತು ವರ್ಷದಿಂದ ಇದೇ ಕ್ರಮ. ತಣ್ಣನೆಯ ಜೆಲ್ ತಾಗಿ ಹೆಂಗಸರ ಹೊಟ್ಟೆ ಸರಕ್ಕನೆ ಒಳಕ್ಕೆ ಹೋಗುವುದನ್ನು ಅವಳಿಗೆ ನೋಡಲಾಗುವುದಿಲ್ಲ. ತಾನೇನೋ ಕದಿಯಲು ಬಂದು ಸಿಕ್ಕಿಬಿದ್ದ ಹಾಗೆ ಅನ್ನಿಸುತ್ತದೆ. ಹೊಸದಾಗಿ ಸೇರಿದ ಹುಡುಗಿಯರು, ಹಗಲಿನ ಕಾಲೇಜಿನಲ್ಲಿ ಓದಿ ಬಂದವರು, ಇದನ್ನು ನೋಡಿ ನಗುತ್ತಾರೆ. ಪಿಶಿಯಾ ಅಕ್ಕನ ಜೆಲ್‌ಗೂ ಬಾಣಂತನ ಎನ್ನುತ್ತಾರೆ. ಅವಳೂ ನಗುತ್ತಾಳೆ. ಆಮೇಲೆ ಒಬ್ಬಳೇ ಇರುವಾಗ, ಅವರು ನಕ್ಕದ್ದು ಜೆಲ್ಲಿಗೋ ತನ್ನ ಸಂಜೆ ಕಾಲೇಜಿಗೋ ಎಂದು ಆ ನಗುವನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಾಳೆ. ಅವತ್ತಿನ ಪಟ್ಟಿ ಗಾಜಿನ ಮೇಲೆ ಮೂಡಿತು. ಒಂಬತ್ತನೆಯ ಹೆಸರು ಕ್ವೊ ಯಿರೊಂಗ್, ಇಪ್ಪತ್ತೇಳು ವರ್ಷ. ಎದುರಿಗೆ ಡಾಕ್ಟರ್ ಜುವಾಂಗ್ ಬರೆದಿದ್ದರು: ಗರ್ಭಕೋಶದ ರಕ್ತನಾಳ, ಎರಡೂ ಬದಿ, ಮರು ಅಳತೆ. ಸೋಮವಾರ ದಾಖಲು. ಅವಳು ಕುರ್ಚಿಯ ಅಂಚಿನಲ್ಲಿ ಕೂತಳು. ಸೋಮವಾರ ದಾಖಲು ಎಂದರೆ ಸೌಮ್ಯವಾದ ಚುಚ್ಚುಮದ್ದು ಸೋತಿತು ಎಂದೇ ಅರ್ಥ. ಕೈ ತಾನಾಗಿ ಸಮವಸ್ತ್ರದ ಜೇಬಿಗೆ ಹೋಯಿತು. ಚೀಟಿ ಅಲ್ಲಿರಲಿಲ್ಲ, ಬೀರುವಿನಲ್ಲಿ, ಚಪ್ಪಲಿಯ ಕೆಳಗೆ, ತಾನೇ ಇಟ್ಟ ಜಾಗದಲ್ಲಿ ಇತ್ತು. ಆರು ವಾರದ ಹಿಂದೆ, ಮಧ್ಯಾಹ್ನದ ಊಟದ ಡಬ್ಬಿ ತರಿಸುವ ಚೀಟಿಯ ಬೆನ್ನಿಗೆ ಬರೆದ ಒಂದು ಸಂಖ್ಯೆ. ಸೊನ್ನೆ ಪಾಯಿಂಟ್ ಒಂಬತ್ತೊಂದು.

ದ್ರಾಕ್ಷಿ ಬಸಿರು ಎನ್ನುತ್ತಾರೆ ಇಲ್ಲಿಯ ಜನ. ಮುಟ್ಟು ನಿಲ್ಲುತ್ತದೆ, ವಾಂತಿಯಾಗುತ್ತದೆ, ಹೊಟ್ಟೆ ಬೆಳೆಯುತ್ತದೆ. ಒಳಗೆ ನೋಡಿದರೆ ಮಗುವಿರುವುದಿಲ್ಲ, ನೀರು ತುಂಬಿದ ಗುಳ್ಳೆಗಳ ಗೊಂಚಲು. ಅದನ್ನು ತೆಗೆದು ಚೊಕ್ಕ ಮಾಡಿದ ಮೇಲೆ ರಕ್ತದಲ್ಲಿರುವ ಬಸಿರಿನ ಅಂಶ ವಾರವಾರಕ್ಕೂ ಇಳಿಯುತ್ತ ಬರಬೇಕು. ಯಿರೊಂಗ್‌ಳದು ಎರಡು ವಾರ ಇಳಿದು ಮತ್ತೆ ಏರಿತು. ಉಳಿದ ಯಾವುದೋ ಚೂರು ಗರ್ಭಕೋಶದ ಗೋಡೆಗೆ ಬೇರಿಳಿಸಿ ಗಡ್ಡೆಯಾಗಿತ್ತು. ಕೊಲ್ಲುವ ಜಾತಿಯದೇ, ಆದರೆ ಮದ್ದಿಗೆ ಬಗ್ಗುವ ಜಾತಿ. ಪ್ರಶ್ನೆ ಯಾವ ಮದ್ದು ಎಂಬುದು. ಡಾಕ್ಟರ್ ಜುವಾಂಗ್ ವಯಸ್ಸು, ಗಡ್ಡೆಯ ಅಳತೆ, ರಕ್ತದ ಅಂಶ ಎಲ್ಲ ಕೂಡಿಸಿ ಅಂಕ ಹಾಕಿದರು, ಆರು ಬಂತು. ಏಳಾದರೆ ಐದು ಔಷಧ ಒಟ್ಟಿಗೆ, ಕೂದಲು ಪೂರ್ತಿ ಉದುರುತ್ತದೆ. ಆರರವರೆಗೆ ಒಂದೇ ಔಷಧ, ಕೂದಲು ಉಳಿಯುತ್ತದೆ. ಆರು ಎಂದರೆ ಹೊಸ್ತಿಲ ಮೇಲೆ ನಿಂತ ಹಾಗೆ. ಅದಕ್ಕೇ ಅವರು ಗರ್ಭಕೋಶಕ್ಕೆ ಹೋಗುವ ರಕ್ತದ ಓಟವನ್ನೂ ಅಳೆದು ಕೊಡಿ ಎಂದು ಪಿಶಿಯಾಳಿಗೆ ಬರೆದರು. ನಾಳದೊಳಗಿನ ರಕ್ತ ಗಾಜಿನ ಮೇಲೆ ಅಲೆಯಾಗಿ ಕಾಣುತ್ತದೆ. ಸಾಮಾನ್ಯವಾಗಿ ಅಲೆ ಚೂಪಾಗಿ ಎದ್ದು ತಳಕ್ಕೆ ಬೀಳುತ್ತದೆ. ಗಡ್ಡೆ ಹಸಿದಿದ್ದರೆ ತಳಕ್ಕೆ ಬೀಳುವುದೇ ಇಲ್ಲ, ನಲ್ಲಿ ನಿಲ್ಲಿಸಲು ಮರೆತ ಹಾಗೆ ಹರಿಯುತ್ತಲೇ ಇರುತ್ತದೆ. ಆ ಏರಿಳಿತವನ್ನು ಯಂತ್ರ ಒಂದು ಸಂಖ್ಯೆ ಮಾಡಿ ಕೊಡುತ್ತದೆ. ಸಂಖ್ಯೆ ಒಂದಕ್ಕಿಂತ ಕೆಳಗಿದ್ದರೆ ಸೌಮ್ಯವಾದ ಮದ್ದು ಸೋಲುವ ಸಂಭವ ಹೆಚ್ಚು ಎಂದು ಡಾಕ್ಟರ್ ನಂಬಿದ್ದರು.

ಆರು ವಾರದ ಹಿಂದೆ ಅವತ್ತು ಯಿರೊಂಗ್ ಬಂದಾಗ ತಲೆಗೆ ಉಣ್ಣೆಯ ಟೊಪ್ಪಿ ಹಾಕಿದ್ದಳು, ಹೊರಗೆ ಸೆಕೆ. ಅವಳ ಜೊತೆ ಅತ್ತೆ. ಪುತಾಯ್ ಕಡಲ ದಂಡೆಯಲ್ಲಿ ಸಿಂಪಿ ಬಿಡಿಸುವ ಹೆಂಗಸು, ಬೆರಳುಗಳ ತುಂಬ ಹಳೆಯ ಗಾಯದ ಗೆರೆ, ಎದೆಗವಚಿಕೊಂಡ ಸ್ಟೀಲಿನ ಥರ್ಮಾಸು. ಬಾಗಿಲಲ್ಲಿ ಅವರನ್ನು ತಡೆದ ನರ್ಸು ಮೂಗು ಸಿಂಡರಿಸಿ, "ಏನಜ್ಜೀ, ಇದು ಆಸ್ಪತ್ರೆನೋ ಹೆಂಡದಂಗಡಿನೋ? ಸೊಸೆಗೆ ಬೆಳಬೆಳಗ್ಗೇನೇ ಕುಡಿಸ್ಕೊಂಡು ಬಂದಿದೀರಲ್ಲ" ಎಂದಿದ್ದಳು. ಹೊರಗೆ ಕೂತಿದ್ದ ಏಳೆಂಟು ಬಸುರಿಯರು ಒಟ್ಟಿಗೆ ತಲೆಯೆತ್ತಿದರು. ಮುದುಕಿ ಥರ್ಮಾಸನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡಳು, ಶಾಲೆಯಲ್ಲಿ ಸಿಕ್ಕಿಬಿದ್ದ ಮಗುವಿನ ಹಾಗೆ. ಪಿಶಿಯಾ ಬಾಗಿಲು ಪೂರ್ತಿ ತೆಗೆದು ಇಬ್ಬರನ್ನೂ ಒಳಗೆ ಕರೆದಳು. ಅಕ್ಕಿ ಮದ್ಯ, ಶುಂಠಿ, ಎಳ್ಳೆಣ್ಣೆ: ಆ ವಾಸನೆ ಯಾರಿಗೆ ಗೊತ್ತಿಲ್ಲ. ಹೆತ್ತವಳು ಬಾಣಂತನಕ್ಕೆಂದು ತಿಂಗಳು ಕೂರುವಾಗ ಒಂದು ತೊಟ್ಟು ನೀರೂ ಸೋಕಿಸದೆ, ಬರೀ ಅಕ್ಕಿ ಮದ್ಯದಲ್ಲೇ ಬೇಯಿಸಿ ಕೊಡುವ ಕೋಳಿ. ದ್ರಾಕ್ಷಿ ಬಸಿರಿಗೆ ಯಾರೂ ತಿಂಗಳು ಕೂರಿಸುವುದಿಲ್ಲ. ಬಸಿರು ಇಳಿದವರಿಗೆ ಹೆಚ್ಚೆಂದರೆ ಹದಿನೈದು ದಿನದ ಸಣ್ಣ ತಿಂಗಳು. ಈ ಹೆಂಗಸು ಸೊಸೆಯನ್ನು ಪೂರ್ತಿ ಮೂವತ್ತು ದಿನ ಕೂರಿಸಲು ಹೊರಟಿದ್ದಳಂತೆ. ಅವತ್ತು ಇಪ್ಪತ್ತಾರನೆಯ ದಿನ. ತಲೆಗೆ ನೀರು ಹಾಕಿಲ್ಲ, ಗಾಳಿ ಸೋಕಿಸಿಲ್ಲ. ಪರದೆಯ ಆಚೆಯಿಂದ ಅವಳು ಹೇಳುತ್ತಲೇ ಇದ್ದಳು, ಒಳಗೆ ಏನಿತ್ತೋ ಏನೋ ಡಾಕ್ಟರಮ್ಮ, ಹೊತ್ತಿದ್ದಂತೂ ನಮ್ಮ ಹುಡುಗಿ ತಾನೆ. ತಾನು ಡಾಕ್ಟರಲ್ಲ, ಯಂತ್ರ ನೋಡಿಕೊಳ್ಳುವವಳು ಎಂದು ಪಿಶಿಯಾ ಎಂದಿನಂತೆ ತಿದ್ದಿದಳು. ಮುದುಕಿ ಎಲ್ಲರಂತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂವತ್ತೆರಡು ವರ್ಷದ ಹಿಂದೆ ಪಿಶಿಯಾಳ ಬಸಿರು ಹತ್ತನೆಯ ವಾರಕ್ಕೆ ಇಳಿದುಹೋಗಿತ್ತು. ಹೆತ್ತವಳಿಗೆ ತಿಂಗಳು, ಇದಕ್ಕೇನು ಎಂದಿದ್ದಳು ಅವಳ ಅತ್ತೆ, ಕೋಪದಿಂದಲ್ಲ, ಬಟ್ಟೆ ಮಡಚುತ್ತ, ಮಳೆ ಬರಲಿಕ್ಕಿಲ್ಲ ಎನ್ನುವ ದನಿಯಲ್ಲಿ. ಅವತ್ತೇ ಸಂಜೆ ಕಾಲೇಜಿನಲ್ಲಿ ಪರೀಕ್ಷೆ. ಅವಳು ತಣ್ಣೀರಲ್ಲಿ ತಲೆ ತೊಳೆದು, ಒದ್ದೆ ಕೂದಲಲ್ಲೇ ಬಸ್ಸು ಹತ್ತಿ ಹೋಗಿ ಶಬ್ದದ ಅಲೆಗಳ ಬಗ್ಗೆ ಆರು ಪುಟ ಬರೆದಿದ್ದಳು. ಉತ್ತೀರ್ಣಳಾದಳು. ಮತ್ತೆ ಬಸಿರು ನಿಲ್ಲಲಿಲ್ಲ. ತಣ್ಣೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಅವಳಿಗೆ ಗೊತ್ತು, ಓದಿದ್ದಾಳೆ. ಆದರೂ ತಲೆ ತೊಳೆಯುವಾಗ ನೆತ್ತಿಯ ಮೇಲೆ ಮೊದಲ ತಂಬಿಗೆ ಬಿದ್ದಾಗ ಒಂದು ಕ್ಷಣ ಕೈ ನಿಲ್ಲುತ್ತದೆ. ಆ ಕಾಲೇಜಿನಲ್ಲಿ ಅಳತೆ ಕಲಿಸಿದ ಮೇಷ್ಟರು ಹಗಲು ಕಾರ್ಖಾನೆಯಲ್ಲಿ ದುಡಿದು ಬರುತ್ತಿದ್ದವರು, ಪಾಠದ ನಡುವೆ ಆಕಳಿಸುತ್ತಿದ್ದರು. ಎರಡು ಸಲ ಅಳೆದು ಎರಡು ಬೇರೆ ಬಂದರೆ ಎರಡನ್ನೂ ಬರೀರಿ, ಆರಿಸೋದು ನಿಮ್ಮ ಕೆಲಸ ಅಲ್ಲ ಎಂದು ಅವರು ಹೇಳಿದ್ದು ಅವಳಿಗೆ ಆ ಆಕಳಿಕೆಯ ಸಮೇತ ನೆನಪಿದೆ.

ಮಂಚದ ಮೇಲೆ ಮಲಗಿದ ಯಿರೊಂಗ್ ಚಾವಣಿ ನೋಡುತ್ತ ಕೇಳಿದ್ದು ಒಂದೇ ಮಾತು. "ಅಕ್ಕ, ನನ್ನ ಕೂದ್ಲು ಹೋಗತ್ತಾ?" ಇಪ್ಪತ್ತಾರು ದಿನ ತೊಳೆಯದೆ ಕಾದಿದೀನಿ, ಮೂವತ್ತನೇ ದಿನ ತೊಳೆಯೋದನ್ನೇ ಎದುರು ನೋಡ್ತಿದೀನಿ ಎಂದು ಆಮೇಲೆ ತಾನೇ ನಕ್ಕಳು. ಪಿಶಿಯಾ ಯಂತ್ರದ ಪ್ರೋಬನ್ನು ಅವಳ ಹೊಟ್ಟೆಯ ಮೇಲೆ ಇಟ್ಟಳು. ಕೋಣೆಯ ತುಂಬ ರಕ್ತದ ಸದ್ದು, ತರಗೆಲೆಯ ಮೇಲೆ ಯಾರೋ ಓಡಿದ ಹಾಗೆ. ನಾಡಿ ನೂರಹನ್ನೆರಡು. ಒಂದು ಬದಿ, ಇನ್ನೊಂದು ಬದಿ, ಮೂರು ಮೂರು ಸಲ. ಸರಾಸರಿ ಸೊನ್ನೆ ಪಾಯಿಂಟ್ ಒಂಬತ್ತೊಂದು. ಚೀಟಿಯ ಮೇಲೆ ಗೀಚಿದಳು. ಮೂಗಿಗೆ ಮದ್ಯದ ವಾಸನೆ ಗಪ್ಪೆಂದು ಹೊಡೆಯುತ್ತಿತ್ತು. ಮದ್ಯ ಕುಡಿದರೆ ನಾಡಿ ಓಡುತ್ತದೆ. ನಾಡಿ ಓಡಿದರೆ ಅಲೆಗೆ ತಳಕ್ಕಿಳಿಯಲು ಹೊತ್ತೇ ಸಿಗದೆ ಸಂಖ್ಯೆ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಬೆಳಿಗ್ಗೆ ಕೋಳಿಸಾರು ಕುಡಿದಿರಾ ಎಂದು ಕೇಳಿದರೆ ಮುಗಿಯುತ್ತಿತ್ತು. ಪರದೆಯ ಆಚೆ ಆ ಮುದುಕಿ. ಒಂದು ಸಲ ಮುಖ ಮುರಿಸಿಕೊಂಡಾಗಿದೆ. ಇನ್ನೊಂದು ಸಲ, ಈ ಬಾರಿ ತನ್ನಿಂದ ಆಗಬಾರದು. ಕೇಳಲಿಲ್ಲ. ಒಂದು ಲೋಟ ಬಿಸಿನೀರು ಕೊಟ್ಟು ಇಪ್ಪತ್ತು ನಿಮಿಷ ಸುಮ್ಮನೆ ಮಲಗಲು ಹೇಳಿದಳು. ಆಮೇಲೆ ನಾಡಿ ತೊಂಬತ್ತೆರಡು. ಅಳತೆ ಒಂದು ಪಾಯಿಂಟ್ ಸೊನ್ನೆ ಏಳು. ವರದಿಯಲ್ಲಿ ಅದನ್ನು ಬರೆದಳು. ಅದೊಂದನ್ನೇ ಬರೆದಳು. ಎರಡೂ ಬರೆದರೆ ಕಾರಣ ಮದ್ಯ ಎಂದೂ ಬರೆಯಬೇಕು, ಆಗ ಆ ನರ್ಸು ಓದುತ್ತಾಳೆ, ಡಾಕ್ಟರು ಮುದುಕಿಯನ್ನು ಕರೆದು ಗದರುತ್ತಾರೆ ಎಂದು ಸಮಾಧಾನ ಹೇಳಿಕೊಂಡಳು. ಅದು ನಿಜವೂ ಆಗಿತ್ತು. ಆದರೆ ಎರಡನೆಯ ಸಲ ಪ್ರೋಬ್ ಇಡುವಾಗ ಸಂಖ್ಯೆ ಏರಲಿ, ಏರಲಿ ಎಂದು ತಾನು ಬೇಡಿಕೊಂಡದ್ದೂ ನಿಜ. ನಾಳವನ್ನು ಹೊರಬದಿಗೆ ಸರಿದು ಅಳೆದಷ್ಟೂ ಸಂಖ್ಯೆ ಏರುತ್ತದೆ. ಕೈ ಒಂದಿಷ್ಟು ಹೊರಗೆ ಸರಿಯಿತೇ? ಆರು ವಾರದಿಂದ ಅವಳು ತನ್ನ ಬಲಗೈಯನ್ನು, ಅಕ್ಕಿ ತೊಳೆಯುವಾಗ, ಬಸ್ಸಿನ ಕಂಬಿ ಹಿಡಿದಿರುವಾಗ, ಬೇರೆಯವರ ಕೈ ನೋಡಿದ ಹಾಗೆ ನೋಡುತ್ತ ಬಂದಿದ್ದಳು.

ಶುಕ್ರವಾರ ಒಂಬತ್ತನೆಯ ಹೆಸರು ಕರೆಯುವ ಹೊತ್ತಿಗೆ ಹನ್ನೊಂದಾಗಿತ್ತು. ಯಿರೊಂಗ್ ಈ ಸಲ ಟೊಪ್ಪಿಯಿಲ್ಲದೆ ಬಂದಳು. ಕೂದಲು ಸೊಂಟದ ಹತ್ತಿರ, ಕಪ್ಪಗೆ, ತಾನೇ ಒಂದು ಪ್ರಾಣಿಯೆಂಬಂತೆ ಹೊಳೆಯುತ್ತಿತ್ತು. ಪಿಶಿಯಾಳಿಗೆ ಅದರ ಮೇಲಿಂದ ಕಣ್ಣು ಕೀಳಲಾಗಲಿಲ್ಲ, ಕಿತ್ತ ಮೇಲೆ ಎಲ್ಲಿಡಬೇಕೋ ತಿಳಿಯಲಿಲ್ಲ. ಅತ್ತೆ ಹೊರಗಿನ ಬೆಂಚಿನಲ್ಲಿ ಅದೇ ಥರ್ಮಾಸಿನೊಂದಿಗೆ ಕೂತಿದ್ದಳು. ಒಳಗೆ ಬರಲು ಈ ಸಲ ಒಪ್ಪಿರಲಿಲ್ಲ. ಯಿರೊಂಗ್ ಮಲಗುತ್ತ ತಾನೇ ಸುದ್ದಿ ಹೇಳಿದಳು. ಮದ್ದಿನ ಮೊದಲ ಎರಡು ಸುತ್ತಿಗೆ ರಕ್ತದ ಅಂಶ ಚೆನ್ನಾಗಿ ಇಳಿಯಿತಂತೆ. ಮೂರನೆಯದಕ್ಕೆ ಅಲ್ಲೇ ನಿಂತು, ಹೋದ ವಾರ ಏರಿತಂತೆ. ಗಂಡ ಮೀನು ಕೊಳದ ಕೆಲಸಕ್ಕೆ ರಜ ಹಾಕಿ ಸೋಮವಾರ ಬರುತ್ತಾನಂತೆ. ಜೀವಕ್ಕೇನೂ ಭಯವಿಲ್ಲ ಅಂದಿದ್ದಾರೆ ಡಾಕ್ಟರು ಎನ್ನುವಾಗ, ಬೇರೆ ಯಾರನ್ನೋ ಸಂತೈಸುವ ದನಿ. ಬೆಚ್ಚಗಿನ ಜೆಲ್ ಹಾಕಿದಾಗ ಅವಳ ಹೊಟ್ಟೆ ಅಲುಗಲಿಲ್ಲ. ಬೆಚ್ಚುವ ಅಭ್ಯಾಸವೇ ಹೋಗಿಬಿಟ್ಟಿತ್ತೇನೋ.

ಪಿಶಿಯಾ ಆ ಮಾತು ತೆಗೆಯಬೇಕೆಂದಿರಲಿಲ್ಲ. ಆರು ವಾರ ಹೊತ್ತು ತಿರುಗಿದ್ದು ಬಾಯಿಗೆ ತಾನಾಗಿ ಬಂತು, ಅದೂ ತನ್ನನ್ನು ಸಮರ್ಥಿಸಿಕೊಳ್ಳುವ ರೂಪದಲ್ಲಿ. ಹೋದ ಸಲ ನೀವು ಎಳ್ಳೆಣ್ಣೆ ಕೋಳಿ ಕುಡಿದು ಬಂದಿದ್ದಿರಿ, ನಾಡಿ ಓಡುತ್ತಿತ್ತು, ಅದಕ್ಕೇ ಕಾಯಬೇಕಾಯಿತು ಅಲ್ಲವೇ ಎಂದಳು. ಇವತ್ತು ಏನೂ ಕುಡಿದಿಲ್ಲ ತಾನೆ ಎಂದೂ ಸೇರಿಸಿದಳು.

"ಅವತ್ತಾ? ಒಂದು ತೊಟ್ಟೂ ಇಲ್ಲ ಅಕ್ಕ," ಎಂದಳು ಯಿರೊಂಗ್. "ಪರೀಕ್ಷೆ ಅಂದ್ರೆ ಖಾಲಿ ಹೊಟ್ಟೇಲೇ ಇರ್ಬೇಕು ಅಂತ ನಮ್ಮತ್ತೆ. ವಾಪಸ್ ಹೋಗ್ತಾ ಬಸ್ಸಲ್ಲಿ ಕುಡಿಸಿದ್ರು."

"ವಾಸನೆ ಬರ್ತಿತ್ತಲ್ಲ."

"ತಲೇದು. ದಿನಾ ಬೆಳಗ್ಗೆ ಹತ್ತಿಲಿ ಅಕ್ಕಿ ಮದ್ಯ ಅದ್ದಿ ಬುಡಬುಡಕ್ಕೂ ಒರೆಸೋರು. ತೊಳೆಯೋ ಹಾಗಿಲ್ವಲ್ಲ, ಇನ್ನೇನು ಮಾಡೋದು. ತಿಂಗಳು ಕೂತೋರಿಗೆಲ್ಲ ಮಾಡ್ತಾರೆ. ನಿಮಗೂ ಮಾಡಿರ್ಬೇಕಲ್ಲ?"

ಪಿಶಿಯಾ ಯಂತ್ರದ ಕಡೆ ತಿರುಗಿದಳು. ಗಾಜಿನ ಮೇಲೆ ಗಡ್ಡೆ ಕೆಂಪು ನೀಲಿಯಾಗಿ ಮಿನುಗುತ್ತಿತ್ತು, ದೇವಸ್ಥಾನದ ಮುಂದೆ ಒಟ್ಟಿಗೆ ಹಚ್ಚಿದ ದೀಪಗಳ ಹಾಗೆ. ಅಷ್ಟು ಚೆಂದ ಕಾಣಬಾರದು ಅನ್ನಿಸಿತು. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣನ್ನು ಬಿಸಿಲಿಗೆ ಬೆನ್ನು ಮಾಡಿ ಕೂರಿಸಿ, ಕೂದಲನ್ನು ಸೀಳಿ ಸೀಳಿ, ಮದ್ಯದ ಹತ್ತಿಯಿಂದ ನೆತ್ತಿ ಒರೆಸುವುದು. ಆಸ್ಪತ್ರೆಯ ಊಟದ ಕೋಣೆಯಲ್ಲಿ ಮಕ್ಕಳೊಂದಿಗರು ತಿಂಗಳಿನ ಕಥೆ ಹೇಳುವಾಗ ಅವಳು ಎಷ್ಟು ಸಲ ಡಬ್ಬಿ ತೊಳೆಯುವ ನೆಪದಲ್ಲಿ ಎದ್ದು ಹೋಗಿದ್ದಳು. ಕೋಳಿಸಾರು ಬೀದಿಯಲ್ಲೂ ಸಿಗುತ್ತದೆ, ಅದು ಎಲ್ಲರಿಗೂ ಗೊತ್ತು. ಇದು ಗೊತ್ತಾಗಬೇಕಾದರೆ ಆ ಕೋಣೆಯಲ್ಲಿ ಕೂತು ಕೇಳಬೇಕಿತ್ತು, ಇಲ್ಲವೇ ಯಾರಾದರೂ ಒಮ್ಮೆ ತನ್ನ ತಲೆ ಮುಟ್ಟಬೇಕಿತ್ತು. ಹಾಗಾದರೆ ಅವತ್ತು ಮದ್ಯ ಅವಳ ರಕ್ತದಲ್ಲಿ ಇರಲೇ ಇಲ್ಲ. ಸೊನ್ನೆ ಪಾಯಿಂಟ್ ಒಂಬತ್ತೊಂದು ಮದ್ಯದ ಮೇಲೆ ಹಾಕಿ ತಳ್ಳಿಬಿಡುವ ಸಂಖ್ಯೆಯಾಗಿರಲಿಲ್ಲ. ಅವಳು ಈಗ ಅಳೆದಳು. ಎಡ, ಬಲ, ಮೂರು ಮೂರು ಸಲ, ಕೈಯನ್ನು ಕಣ್ಣಲ್ಲೇ ಕಾಯುತ್ತ. ನಾಡಿ ಎಂಬತ್ತೆಂಟು. ಸೊನ್ನೆ ಪಾಯಿಂಟ್ ಎಂಬತ್ತಾರು. ಕಾಯಲಿಲ್ಲ, ಬರೆದಳು. ಹೊಟ್ಟೆಯ ಮೇಲಿನ ಜೆಲ್ ಒರೆಸುವಾಗ ಕಾಗದ ಹರಿದು ಅವಳ ಬೆರಳೇ ಚರ್ಮಕ್ಕೆ ತಾಗಿತು. ಯಿರೊಂಗ್ ಎದ್ದು ಕೂತು ಕೂದಲನ್ನು ಗಂಟು ಹಾಕಿಕೊಂಡಳು. ಕೆಳಗಿನ ಅಂಗಡಿಯಲ್ಲಿ ಕೊನೆಯ ಸಲ ತೊಳೆಸಿ ಕತ್ತರಿಸಿಬಿಡುತ್ತೇನೆ, ಉದುರುವುದನ್ನು ನೋಡಲು ಆಗುವುದಿಲ್ಲ ಎಂದು ಹೇಳಿ ಹೋದಳು.

ಮಧ್ಯಾಹ್ನ ಡಾಕ್ಟರ್ ಜುವಾಂಗ್ ತಮ್ಮ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು. ಊಟ ಆಯ್ತಾ ಪಿಶಿಯಾ ಅಕ್ಕ ಎಂದರು. ಅವಳು ನಿಂತೇ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅವರು ಮೊದಲು ಅದರ ಮುಂಬದಿ ನೋಡಿ, ಹುರಿದ ಹಂದಿಮಾಂಸ ಎರಡು, ಸೊಪ್ಪು ಒಂದು ಎಂದು ಓದಿ ಅವಳ ಮುಖ ನೋಡಿದರು. ಅವಳ ಕಿವಿ ಕಾದುಹೋಯಿತು. ಚೀಟಿ ತಿರುವಿ ಹಾಕಿ, ವಾಸನೆಯಿಂದ ಹಿಡಿದು ಬೇಡಿಕೊಂಡದ್ದರವರೆಗೆ ಎಲ್ಲ ಹೇಳಿದಳು. ಬೇಕಾದ್ದಕ್ಕಿಂತ ಹೆಚ್ಚೇ ಹೇಳಿದಳು. ಹೇಳುತ್ತ ಹೇಳುತ್ತ, ಇವರು ಬೈದುಬಿಟ್ಟರೆ ಎಷ್ಟು ಚೆನ್ನಾಗಿರುತ್ತದೆ ಎಂದೂ ಅನ್ನಿಸುತ್ತಿತ್ತು. ಅವರು ಬೈಯಲಿಲ್ಲ. ಚಾಪ್‌ಸ್ಟಿಕ್ ಕೆಳಗಿಟ್ಟರು.

"ನಾಡಿ ಇಳಿಯೋವರೆಗೆ ಕಾದದ್ದು ತಪ್ಪಲ್ಲ. ಬರೆಯದೆ ಇದ್ದದ್ದು ತಪ್ಪು," ಎಂದರು. "ನಿಮ್ಮ ಒಂದು ಪಾಯಿಂಟ್ ಸೊನ್ನೆ ಏಳು ನೋಡಿ ಸೌಮ್ಯವಾದ್ದು ಕೊಟ್ನೋ, ಆ ಹುಡುಗಿ ಮುಖ ನೋಡಿ ಕೊಟ್ನೋ, ಈಗ ಕೇಳಿದ್ರೆ ನನಗೇ ಹೇಳಕ್ಕೆ ಬರಲ್ಲ."

"ಎರಡೂ ಬರೆದಿದ್ದಿದ್ರೆ?"

"ಇನ್ನೊಂದು ದಿನ ಜಾಸ್ತಿ ಯೋಚನೆ ಮಾಡ್ತಿದ್ದೆ. ಆಮೇಲೆ ಏನು ಕೊಡ್ತಿದ್ನೋ." ಅವರು ಚೀಟಿಯನ್ನು ಅವಳ ಕಡೆಗೆ ಸರಿಸಿದರು. "ಇದ್ರಲ್ಲಿ ಜೀವ ಹೋಗಲ್ಲ ಅಕ್ಕ. ಆರು ವಾರ ಹೋಯ್ತು. ಆದ್ರೆ ಆ ಆರು ವಾರ ಅವಳದು, ನಮ್ಮದಲ್ಲ. ತಿದ್ದುಪಡಿ ಬರೀರಿ. ಅವಳಿಗೆ ನಾನು ಹೇಳ್ಲೋ, ನೀವು ಹೇಳ್ತೀರೋ?"

ತಾನೇ ಹೇಳುತ್ತೇನೆ ಎಂದಳು. ಹೊರಗೆ ಬಂದ ಮೇಲೆ ಅದು ಧೈರ್ಯವೋ ಸ್ವಾರ್ಥವೋ ತಿಳಿಯಲಿಲ್ಲ. ಹೇಳಿ ಹಗುರಾಗುವವಳು ತಾನು, ಕೇಳಿ ಭಾರವಾಗುವವಳು ಅವಳು. ಯಂತ್ರದ ಮುಂದೆ ಕೂತು ಹಳೆಯ ವರದಿ ತೆರೆದು ತಿದ್ದುಪಡಿ ಬರೆದಳು. ಮೊದಲ ಅಳತೆ ಇಷ್ಟು, ನಾಡಿ ಇಷ್ಟು. ದಾಖಲಿಸದೆ ಬಿಟ್ಟದ್ದು ನನ್ನಿಂದ. ಕೆಳಗೆ ಹೆಸರು ಹಾಕಬೇಕಾದ ಜಾಗದಲ್ಲಿ ತನ್ನ ಹೆಸರು ಯಾರದೋ ಅನ್ನಿಸಿತು. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ನೂಡಲ್ ಅಂಗಡಿಗೂ ಊರುಗೋಲು ಮಾರುವ ಅಂಗಡಿಗೂ ನಡುವೆ ಆ ತಲೆತೊಳೆಯುವ ಅಂಗಡಿ. ಯಿರೊಂಗ್ ಕನ್ನಡಿಯ ಮುಂದೆ ನೆಟ್ಟಗೆ ಕೂತಿದ್ದಳು. ಅವಳ ತಲೆಯ ಮೇಲೆ ನೊರೆ ಗೋಪುರದಷ್ಟು ಎದ್ದಿತ್ತು. ತೊಳೆಯುವ ಹೆಂಗಸು ಎರಡೂ ಕೈಯಿಂದ ಅದನ್ನು ಮೇಲಕ್ಕೆ ಎತ್ತಿ ಎತ್ತಿ ನಿಲ್ಲಿಸುತ್ತಿದ್ದಳು, ಮುಗಿಸಲು ಇಷ್ಟವಿಲ್ಲದವಳ ಹಾಗೆ. ಬದಿಯ ಸ್ಟೂಲಿನಲ್ಲಿ ಅತ್ತೆ, ಮಡಿಲಲ್ಲಿ ಥರ್ಮಾಸು. ಪಿಶಿಯಾ ಕನ್ನಡಿಯಲ್ಲಿ ಕಾಣುವ ಮುಖಕ್ಕೆ ಹೇಳಿದಳು. ಎದುರಿನ ಮುಖಕ್ಕೆ ಹೇಳಲು ಆಗುತ್ತಿರಲಿಲ್ಲ. ಎರಡು ಅಳತೆ ಬಂದಿತ್ತು, ಒಂದನ್ನು ಬಿಟ್ಟೆ. ಬಿಟ್ಟದ್ದೇ ಸರಿಯಾದದ್ದು ಇರಬಹುದು. ಬರೆದಿದ್ದರೆ ಡಾಕ್ಟರು ಅವತ್ತೇ ದೊಡ್ಡ ಔಷಧ ಕೊಡುತ್ತಿದ್ದರೋ ಏನೋ. ಮದ್ಯದ ವಾಸನೆಯಿಂದ ಮೋಸ ಹೋದೆ. ನಿಮ್ಮ ಕೂದಲು ಉಳಿಯಲಿ ಎಂದು ಮನಸ್ಸಿನಲ್ಲಿತ್ತು.

ನೊರೆಯ ಕೈಗಳು ನಿಂತವು. ಒಂದು ಗೆರೆ ನೊರೆ ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯಿತು, ಯಿರೊಂಗ್ ಅದನ್ನು ಒರೆಸಿಕೊಳ್ಳಲಿಲ್ಲ.

"ನನ್ನ ಮೇಲೆ ಕನಿಕರ ಪಡದೆ ಇದ್ದಿದ್ರೆ ಚೆನ್ನಾಗಿತ್ತು ಅಕ್ಕ," ಎಂದಳು. ಗಡುಸಾಗಿರಲಿಲ್ಲ ಆ ಮಾತು. ಗಡುಸಾಗಿದ್ದರೆ ತಡೆದುಕೊಳ್ಳಬಹುದಿತ್ತು.

ಅಷ್ಟರಲ್ಲಿ ಮುದುಕಿ ಸ್ಟೂಲಿನಿಂದ ಅರ್ಧ ಎದ್ದಿದ್ದಳು. ಇಡೀ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಪದ ಎಂಬುದು ಅವಳ ಮುಖ ನೋಡಿದ ಮೇಲೆ ಪಿಶಿಯಾಳಿಗೆ ಹೊಳೆಯಿತು. "ಹಂಗಾದ್ರೆ ನಾನು ತಲೆ ಒರೆಸಿದ್ದಕ್ಕೇ ಹಿಂಗಾಯ್ತಾ ಡಾಕ್ಟರಮ್ಮ?" ಎಂದಳು. "ನನ್ನ ಮದ್ಯದಿಂದ್ಲಾ?"

ಇದನ್ನು ಪಿಶಿಯಾ ಎಣಿಸಿರಲಿಲ್ಲ. ತನ್ನ ತಪ್ಪನ್ನು ಕೆಳಗಿಳಿಸಲು ಬಂದವಳು ಅದನ್ನು ಈ ಗಾಯದ ಕೈಗಳಿಗೆ ದಾಟಿಸಿಬಿಟ್ಟಿದ್ದಳು. ಇಲ್ಲ ಎಂದಳು. ಅದು ಸಾಲಲಿಲ್ಲ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳು ಪತ್ರಿಕೆ ತಗ್ಗಿಸಿ ಕೇಳುತ್ತಿದ್ದರು. ಮೂವತ್ತು ವರ್ಷ ಊಟದ ಕೋಣೆಯಿಂದ ಎದ್ದುಹೋಗಿ ಮುಚ್ಚಿಟ್ಟದ್ದನ್ನು ಈಗ ಇವರೆಲ್ಲರ ಮುಂದೆ ಹೇಳದೆ ದಾರಿಯಿರಲಿಲ್ಲ.

"ನಿಮ್ಮಿಂದ ಅಲ್ಲಮ್ಮ. ತಲೆಗೂ ಒರೆಸ್ತಾರೆ ಅನ್ನೋದು ನನಗೆ ಗೊತ್ತಿರ್ಲಿಲ್ಲ. ನನಗೆ ಯಾರೂ ತಿಂಗಳು ಕೂರಿಸಿಲ್ಲ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು, ಬಿಳಿ ಕೋಟು, ಕತ್ತಿನ ಹೆಸರಿನ ಬಿಲ್ಲೆ, ಕತ್ತರಿಸಿದ ನರೆಗೂದಲು. ಮಕ್ಕಳೆಷ್ಟು ಎಂದು ಕೇಳಲಿಲ್ಲ. ಥರ್ಮಾಸಿನ ಮುಚ್ಚಳ ತಿರುಗಿಸಿ, ಅದರಲ್ಲೇ ಸಾರು ಬಗ್ಗಿಸಿ ಮುಂದೆ ಚಾಚಿದಳು. ಮಧ್ಯಾಹ್ನ ಇನ್ನೂ ಹನ್ನೆರಡು ಮಂದಿಯ ಸ್ಕ್ಯಾನ್ ಇದೆ, ಇದರಲ್ಲಿ ಮದ್ಯವಿದೆ, ತಾನು ಕುಡಿಯಬಾರದು ಎಂದು ಪಿಶಿಯಾಳ ತಲೆಯ ಒಂದು ಮೂಲೆ ಹೇಳಿತು. ಕುಡಿಯದಿದ್ದರೆ ಈ ಹೆಂಗಸು ತನ್ನ ಮದ್ಯದಿಂದಲೇ ಆಯಿತೆಂಬ ಮಾತನ್ನು ಪುತಾಯ್‌ವರೆಗೂ ಹೊತ್ತುಕೊಂಡು ಹೋಗುತ್ತಾಳೆ ಎಂದು ಇನ್ನೊಂದು ಮೂಲೆ. ಇದೂ ಕನಿಕರವೇ ಅಲ್ಲವೇ, ಈಗ ತಾನೇ ಬೇಡವೆಂದು ಹೇಳಿಸಿಕೊಂಡದ್ದು? ಎರಡು ಗುಟುಕು ಕುಡಿದಳು. ಬಿಸಿಯಾಗಿತ್ತು, ಶುಂಠಿ ಗಂಟಲನ್ನು ಕೆರೆಯಿತು. ಕನ್ನಡಿಯಲ್ಲಿ ಯಿರೊಂಗ್ ಅವಳನ್ನು ನೋಡುತ್ತಿದ್ದಳೋ ತನ್ನ ಕೂದಲನ್ನು ನೋಡಿಕೊಳ್ಳುತ್ತಿದ್ದಳೋ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿ, ಮುಗಿಸಿ ಎಂದು ತೊಳೆಯುವವಳಿಗೆ ಹೇಳಿದಳು. ನೀರು ಬಿಟ್ಟ ಸದ್ದು ಬಂತು. ಕತ್ತರಿಯ ಸದ್ದು ಬರುವವರೆಗೆ ಪಿಶಿಯಾ ನಿಲ್ಲಲಿಲ್ಲ.

ಮಧ್ಯಾಹ್ನದ ಮೊದಲ ಬಸುರಿ ಮಂಚದ ಮೇಲೆ ಮಲಗಿ, ಪಿಶಿಯಾ ಬಾಗಿದಾಗ ಒಮ್ಮೆ ಗಾಳಿ ಮೂಸಿ, ಅವಳ ಮುಖ ನೋಡಿದಳು. ಏನು ತಿಳಿದುಕೊಂಡಳೋ. ಪಿಶಿಯಾ ವಿವರಿಸಲು ಹೋಗಲಿಲ್ಲ. ಬೆಚ್ಚಗಿನ ಜೆಲ್ ಹಾಕಿ, ಕಂಡದ್ದನ್ನೆಲ್ಲ ಬರೆದಳು.

ಯಿರೊಂಗ್ ದೊಡ್ಡ ಔಷಧದ ಸುತ್ತುಗಳನ್ನು ಮುಗಿಸಿದಳು. ರಕ್ತದ ಅಂಶ ತಳಕ್ಕಿಳಿದು ಅಲ್ಲೇ ನಿಂತಿದೆ ಎಂದು ಕೇಳಿದ್ದೇನೆ. ಕೂದಲು ಮತ್ತೆ ಬಂತಂತೆ, ಮೊದಲಿನಷ್ಟು ನೇರವಾಗಿಲ್ಲವಂತೆ. ಅವತ್ತು ಆ ಚೀಟಿಯ ಸಂಖ್ಯೆ ವರದಿಯಲ್ಲಿದ್ದಿದ್ದರೆ ಆ ಆರು ವಾರ ಉಳಿಯುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಎರಡನೆಯ ಸಲ ಕೈ ಸರಿಯಿತೋ ಇಲ್ಲವೋ, ಅದು ಪಿಶಿಯಾಳಿಗೂ ಗೊತ್ತಿಲ್ಲ. ಒಂದು ತೊಟ್ಟೂ ಕುಡಿಯದ ಆ ಹುಡುಗಿಯ ನಾಡಿ ಅವತ್ತು ಬೆಳಿಗ್ಗೆ ಯಾತಕ್ಕೆ ಅಷ್ಟು ಓಡುತ್ತಿತ್ತು, ರೋಗಕ್ಕೋ, ಬಾಗಿಲಲ್ಲಿ ನರ್ಸು ಆಡಿದ ಮಾತಿಗೋ, ಅದನ್ನು ಯಾರೂ ಅವಳನ್ನು ಕೇಳಲಿಲ್ಲ. ನಾನೂ ಕೇಳಿಲ್ಲ.